ಬಿಲ್ ತುಂಬಲು ಧಾರವಾಡಕ್ಕೆ

ಮುಂಬಯಿ ಕಡೆಯ ನಮ್ಮವರಿಗೆ ಊರಿಗೆ ಹೋಗಲು ಕಾರಣಗಳು ಬೇಕಾದಷ್ಟು. ಮದುವೆ, ಮುಂಜಿವೆ, ಜಾತ್ರೆ, ಹೊಲದ ಉತಾರ, ಇಲ್ಲವೇ ಬರೇ ಮಕ್ಕಳ ಸೂಟಿ. 2025ರ ನವೆಂಬರಿನಲ್ಲಿ ನಾನು ಹತ್ತು ದಿನ ರಜೆ ಹಾಕಿ ಧಾರವಾಡಕ್ಕೆ ಹೋದದ್ದು ಬಿಲ್ ತುಂಬಲು. ರಜೆ ಅರ್ಜಿಯಲ್ಲಿ ಹಾಗೆ ಬರೆಯಲಿಕ್ಕಾಗುತ್ತದೆಯೇ? 'ಕೌಟುಂಬಿಕ ಕಾರಣ' ಎಂದು ಬರೆದೆ.

ಅಪ್ಪನಿಗೆ 81. ಮಾಳಮಡ್ಡಿಯ ಹಳೆಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವ್ವ ಹೋಗಿ ನಾಲ್ಕು ವರ್ಷವಾಯಿತು. ಅಡಿಗೆಗೆ, ಕಸಮುಸುರೆಗೆ ಬರುವವರಿದ್ದಾರೆ, ಎದುರು ಮನೆಯ ಕಾಕೂ ದಿನಕ್ಕೊಮ್ಮೆ ಇಣುಕಿ ನೋಡುತ್ತಾರೆ. ಅಂಚೆ ಇಲಾಖೆಯಲ್ಲಿ 38 ವರ್ಷ ಕೆಲಸ ಮಾಡಿ ನಿವೃತ್ತರಾದವರು. ಪೆನ್ಶನ್ ಬರುತ್ತದೆ, ಕೈಯಲ್ಲಿ ಹಣವಿಲ್ಲ ಅನ್ನುವ ಮಾತೇ ಇಲ್ಲ. ಆದರೆ ಎರಡು ವರ್ಷದಿಂದ ಅವರ ಯಾವ ಬಿಲ್ಲೂ ವೇಳೆಗೆ ಸರಿಯಾಗಿ ತುಂಬಿಲ್ಲವೆಂದು ನಮಗೆ ಗೊತ್ತಾದದ್ದು ಮನೆಯ ಫೋನು ಸತ್ತಾಗ. ಮೊದಲು ಅಪ್ಪನಿಂದ ಫೋನ್ ಬರುವುದು ನಿಂತಿತು, ಆಮೇಲೆ ನಾವು ಮಾಡಿದ್ದೂ ಹೋಗದಾಯಿತು. ಮೊಬೈಲು ಮೇಜಿನ ಖಾನೆಯಲ್ಲಿ ಬಂದ್ ಆಗಿ ಬಿದ್ದಿತ್ತು. ಮೂರನೆಯ ದಿನ ಕಾಕೂ ಅವರ ಮೊಬೈಲಿನಿಂದ ಮಾತಾಡಿದ ಅಪ್ಪ, "ಲೈನ್ ಕೆಟ್ಟದ, ಮಂದಿ ಬರ್ತಾರ," ಎಂದರು. ಯಾರೂ ಬರುವವರಿರಲಿಲ್ಲ. ಮೂರು ಬಿಲ್ ಬಾಕಿ ಇತ್ತು.

ಇಂಥ ಸುದ್ದಿ ಕೇಳಿದಾಗ ದೂರದಲ್ಲಿರುವ ಮಕ್ಕಳ ತಲೆಯಲ್ಲಿ ಮೊದಲು ಏಳುವುದು ಮರೆವಿನ ಭೂತ. 2020ರಲ್ಲಿ ಅಮೆರಿಕದ ಸಂಶೋಧಕರು ಸಾವಿರಾರು ವೃದ್ಧರ ಲೆಕ್ಕಪತ್ರ ನೋಡಿ ಒಂದು ಮಾತು ಹೇಳಿದ್ದರು: ಡಿಮೆನ್ಶಿಯಾ ಇದೆಯೆಂದು ಡಾಕ್ಟರು ಹೇಳುವುದಕ್ಕೆ ಆರು ವರ್ಷ ಮೊದಲೇ ಕೆಲವರ ಬಿಲ್ಲುಗಳು ತಪ್ಪಲು ಶುರುವಾಗಿರುತ್ತವೆ ಎಂದು. ಅದನ್ನು ನಾನು ಎಲ್ಲೋ ಓದಿದ್ದೆ. ಕಲ್ಯಾಣದಲ್ಲಿ ರಾತ್ರಿ ಗಾಡಿ ಹತ್ತಿ ಮಲಗಿದರೂ ನಿದ್ದೆ ಬರಲಿಲ್ಲ. ಬೆಳಗಾವಿ ದಾಟಿ, ಖಾನಾಪುರ, ಲೋಂಡಾದ ಕಾಡು ಬಂದಾಗ ಬೇರೆ ಸಲ ಬಾಗಿಲಲ್ಲಿ ನಿಂತು ಗಾಳಿ ತೆಗೆದುಕೊಳ್ಳುವವಳು ಈ ಸಲ ಅಳ್ನಾವರದ ತನಕ ಒಂದು ನೋಟ್‌ಬುಕ್ ಹಿಡಿದು ಪಟ್ಟಿ ಮಾಡುತ್ತಿದ್ದೆ: ಕರೆಂಟು, ನೀರು, ಮನೆ ಕರ, ಫೋನು, ಆರೋಗ್ಯ ವಿಮೆ, ಪೆನ್ಶನ್ನಿನ ಜೀವನ ಪ್ರಮಾಣ ಪತ್ರ.

ನಮ್ಮ ಮನೆಯ ಪಡಸಾಲೆಯಲ್ಲಿ ಗಡಿಯಾರದ ಕೆಳಗೆ ಒಂದು ತಂತಿ ತೂಗುತ್ತದೆ. ಕೆಳಗೆ ಗುಂಡನೆಯ ಕಟ್ಟಿಗೆ ಬಿಲ್ಲೆ, ಮೇಲೆ ಕೊಕ್ಕೆ. ತುಂಬಿದ ಬಿಲ್ಲನ್ನೆಲ್ಲ ಅಪ್ಪ ಅದಕ್ಕೆ ಚುಚ್ಚುತ್ತಾರೆ. ಹಳೆಯ ಆಫೀಸುಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ. ಹೋದ ದಿನ ಮಧ್ಯಾಹ್ನ ಅಪ್ಪ ಮಲಗಿದಾಗ ಆ ತಂತಿಯನ್ನು ಇಳಿಸಿಕೊಂಡು ಕೂತೆ. ತಳದಲ್ಲಿದ್ದವು ನಾವು ಸಣ್ಣವರಿದ್ದಾಗಿನವು. ಮಂದ ಕಾಗದ, ನೀಲಿ ಶಾಯಿ, ನೇರಳೆ ಬಣ್ಣದ ದುಂಡು ಠಸ್ಸೆ. ಒಂದೊಂದು ಅಂಕಿಯೂ ಇವತ್ತಿಗೂ ಸ್ಪಷ್ಟ. ಮೇಲೆ ಮೇಲೆ ಬಂದಂತೆ ಕಾಗದ ತೆಳುವಾಗುತ್ತದೆ, ಸಣ್ಣದಾಗುತ್ತದೆ. ಎಲ್ಲಕ್ಕಿಂತ ಮೇಲಿನ ಇಪ್ಪತ್ತು ಮೂವತ್ತು ಚೀಟಿಗಳು ಪೂರ್ತಿ ಬಿಳಿ. ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಒಂದು ಬೂದು ಗೆರೆ, ಅಷ್ಟೇ. ಮೀಟರ್ ಓದುವವರ ಕೈಯ ಮಷೀನಿನಿಂದ ಬರುವ ಕಾಗದಕ್ಕೆ ಶಾಯಿ ಇರುವುದಿಲ್ಲ. ಶಾಖಕ್ಕೆ ಕಾಗದವೇ ಕಪ್ಪಾಗಿ ಅಕ್ಷರವಾಗುತ್ತದೆ. ಬಿಸಿಲು, ಸೆಕೆ, ಎಣ್ಣೆಗೈ ತಾಗಿದರೆ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಅಪ್ಪ ಯಾವುದನ್ನು ತುಂಬಿದ್ದಾರೆ, ಯಾವುದನ್ನು ಇಲ್ಲ ಎಂದು ಆ ಬಿಳಿ ಚೀಟಿಗಳನ್ನು ನೋಡಿ ಅವರಿಗೂ ಹೇಳಲಾಗುವುದಿಲ್ಲ, ನನಗೂ ಹೇಳಲಾಗಲಿಲ್ಲ. (ಊರಲ್ಲಿ ಹಿರಿಯರಿರುವ ಓದುಗರಿಗೆ ಒಂದು ಮಾತು: ಬಿಲ್ ಬಂದ ದಿನವೇ ಯಾರಿಂದಾದರೂ ಅದರ ಫೋಟೋ ತೆಗೆಸಿ ತರಿಸಿಕೊಳ್ಳಿ.)

ಎದ್ದ ಮೇಲೆ ಕೇಳಿದೆ, "ಅಪ್ಪಾ, ಫೋನ್ ಬಿಲ್ ಯಾಕ ತುಂಬಿಲ್ರಿ?"

"ಬಿಲ್ ಬಂದಿಲ್ಲಲ್ಲವಾ. ಬರದ ಬಿಲ್ ಹ್ಯಾಂಗ ತುಂಬ್ಲಿ?"

ಬಿಲ್ ಬಂದಿತ್ತು. ಕಾಗದದ ಬಿಲ್ ನಿಂತು ಮೊಬೈಲಿಗೆ ಸಂದೇಶವಾಗಿ ಬರುತ್ತಿತ್ತು, ಅದೂ ಇಂಗ್ಲಿಷಿನಲ್ಲಿ. ಖಾನೆಯಿಂದ ಮೊಬೈಲು ತೆಗೆದು ಚಾರ್ಜಿಗೆ ಹಚ್ಚಿ ನೋಡಿದರೆ ಓದದ ಸಂದೇಶಗಳು ನೂರಾರು. ಅಪ್ಪನ ವಾದ ನೇರವಾಗಿತ್ತು. ಎರಡು ವರ್ಷದ ಹಿಂದೆ ನಮ್ಮ ಓಣಿಯ ಒಬ್ಬ ನಿವೃತ್ತ ಮಾಸ್ತರರಿಗೆ, ಬಿಲ್ ಬಾಕಿ ಇದೆ, ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟು ಕಡಿಯುತ್ತೇವೆ, ಈ ನಂಬರಿಗೆ ಫೋನ್ ಮಾಡಿ ಎಂದು ಸಂದೇಶ ಬಂತು. ಅವರು ಫೋನ್ ಮಾಡಿದರು, ಹೇಳಿದ ಆ್ಯಪ್ ಹಾಕಿಕೊಂಡರು, ಖಾತೆ ಬರಿದಾಯಿತು. ದೇಶದ ತುಂಬ ನಡೆದ ಮೋಸ ಇದು, ಮುಂಬಯಿಯಲ್ಲೂ ಎಷ್ಟೋ ಜನ ಬಿದ್ದಿದ್ದಾರೆ. ಅಂದಿನಿಂದ ಅಪ್ಪ ಮೊಬೈಲಿಗೆ ಬಂದದ್ದೆಲ್ಲ ಸುಳ್ಳು ಎಂದು ತೀರ್ಮಾನಿಸಿಬಿಟ್ಟರು. ಖರೇ ಬಿಲ್ ಯಾವುದು, ಕಳ್ಳನ ಬಿಲ್ ಯಾವುದು ಎಂದು ಗೊತ್ತಾಗದಿದ್ದಾಗ ಎರಡನ್ನೂ ನಂಬದಿರುವುದು ಹುಚ್ಚುತನವಲ್ಲ.

ಅದಕ್ಕಿಂತ ಆಳವಾದ ಕಾರಣವೂ ಇತ್ತು. ಅವರು ಟಪಾಲಿನ ಮನುಷ್ಯ. ಒಂದು ಮಾತು ನಮಗೆ ತಲುಪಿದೆ ಅನ್ನಬೇಕಾದರೆ ಅದು ಕೈಗೆ ಬರಬೇಕು, ಅದರ ಮೇಲೆ ತಾರೀಖಿನ ಠಸ್ಸೆ ಇರಬೇಕು. 2013ರಲ್ಲಿ ತಂತಿ ಸೇವೆ ನಿಂತಾಗ ಅವರು ಒಂದು ದಿನ ಮಾತಾಡಿರಲಿಲ್ಲ. 2025ರಲ್ಲಿ ರಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ ಸುದ್ದಿಯನ್ನಂತೂ ಪೇಪರಿನಿಂದ ಕತ್ತರಿಸಿ ಅದೇ ತಂತಿಗೆ ಚುಚ್ಚಿಟ್ಟಿದ್ದರು.

ಮರುದಿನದಿಂದ ಇಬ್ಬರೂ ಕೂಡಿ ಹೊರಟೆವು. ಪುಣೆಯಲ್ಲಿರುವ ತಮ್ಮ ಆಗಲೇ ಫೋನಿನಲ್ಲಿ ಗುಡುಗಿದ್ದ. "ಅಕ್ಕಾ, ಹತ್ತು ಮಿನಿಟಿನ ಕೆಲಸಕ್ಕ ಹತ್ತು ದಿವಸ ಯಾಕ? ನಂಬರ್ ಅಷ್ಟು ಕಳಸು, ಎಲ್ಲಾ ಇಲ್ಲಿಂದನ ತುಂಬ್ತೀನಿ." ಅವನ ಮಾತು ಸುಳ್ಳಲ್ಲ. ಕರೆಂಟಿನ ಆರ್.ಆರ್. ನಂಬರ್, ನೀರಿನ ಸಂಪರ್ಕದ ನಂಬರ್, ಆಸ್ತಿಯ ನಂಬರ್, ಇಷ್ಟಿದ್ದರೆ ಯಾರ ಬಿಲ್ಲನ್ನು ಯಾರು ಬೇಕಾದರೂ ಯಾವ ಊರಿನಿಂದಲಾದರೂ ತುಂಬಬಹುದು. ಮಗನೋ ಮಗಳೋ ಎಂದು ಯಾರೂ ಕೇಳುವುದಿಲ್ಲ. ಆದರೆ ಅಪ್ಪನ ಮನಸ್ಸಿನಲ್ಲೇನಿದೆ ಎಂದು ನೋಡದೆ ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಮರೆವಿನ ಅಂಜಿಕೆಯೂ ಹೋಗಿರಲಿಲ್ಲ.

ಮಾಳಮಡ್ಡಿಯಿಂದ ರೈಲ್ವೆ ಸ್ಟೇಶನ್ ಕಡೆ ನಡೆಯುತ್ತ ಬಂದರೆ ನವೆಂಬರಿನ ಬೆಳಗಿನಲ್ಲಿ ಇನ್ನೂ ಥಂಡಿ. ಅಪ್ಪ ತಲೆಗೆ ಮಫ್ಲರ್ ಸುತ್ತಿ, ಬಗಲಿಗೆ ಖಾಕಿ ಚೀಲ ಹಾಕಿದ್ದರು. ನಾನು ಆಟೋ ಅಂದರೆ ಅವರು ಕೇಳಲಿಲ್ಲ. ಧಾರವಾಡವೆಂದರೆ ಹೊರಗಿನವರಿಗೆ ಕವಿಗಳು, ಗವಾಯಿಗಳು, ಮಳೆ. ಅಪ್ಪನ ಧಾರವಾಡವೇ ಬೇರೆ, ಅದು ಕೌಂಟರುಗಳ ಊರು. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟದ ಸಮೀಪ ನಿಂತು ಅವರು ತೋರಿಸಿದ್ದು ಅಟ್ಟವನ್ನಲ್ಲ, ಅದರ ಆಚೆ ಎಲ್ಲೋ ಹಿಂದೊಮ್ಮೆ ಇದ್ದ ಒಂದು ಕಿಟಕಿಯನ್ನು. ಅಲ್ಲಿ ಸಾಲಿನಲ್ಲಿ ನಿಂತಾಗ ಯಾರ್ಯಾರು ಸಿಗುತ್ತಿದ್ದರು, ಯಾರು ಚಿಲ್ಲರೆ ಇಲ್ಲವೆಂದು ಜಗಳ ತೆಗೆಯುತ್ತಿದ್ದರು, ಯಾವ ಪ್ರೊಫೆಸರು ಕೊನೆಯ ದಿನವೇ ಬರುತ್ತಿದ್ದರು, ಎಲ್ಲ ನೆನಪಿದೆ. ಒಂದೊಂದು ಬಿಲ್ಲಿಗೆ ಒಂದೊಂದು ದಿನ, ಒಂದೊಂದು ದಾರಿ. ನೀರಿನ ಬಿಲ್ ತುಂಬಿದ ದಿನ ಕಡಪಾ ಮೈದಾನದ ಕಡೆಯಿಂದ ಬಂದು ವಿದ್ಯಾವರ್ಧಕ ಸಂಘದಲ್ಲಿ ಪೇಪರ್ ಓದುವುದು. ಕರೆಂಟಿನ ದಿನ ಲೈನ್ ಬಜಾರಿನ ಠಾಕೂರರ ಅಂಗಡಿಯ ಸಾಲಿನಲ್ಲಿ ನಿಂತು ಅವ್ವನಿಗೆ ಕಾಲು ಕಿಲೋ ಪೇಢೆ. ಆ ಕಿಟಕಿಗಳಲ್ಲಿ ಬಹಳಷ್ಟು ಮುಚ್ಚಿವೆ. ಉಳಿದ ಕೆಲಸ ಹೆಚ್ಚಾಗಿ 'ಕರ್ನಾಟಕ ಒನ್' ಎಂಬ ಒಂದೇ ಸೂರಿನಡಿ ಬಂದಿದೆ. ನಮಗೆ ಅದು ಅನುಕೂಲ. ಅಪ್ಪನಿಗೆ ಮಾತ್ರ ತಿಂಗಳಿಗೆ ಐದು ಸಲ ಊರು ತಿರುಗುವ ನೆಪ ಒಂದಕ್ಕೆ ಇಳಿಯಿತು, ಆಮೇಲೆ ಆ ಒಂದೂ ಹೋಯಿತು.

ಹೋದದ್ದು ಹೇಗೆ ಎನ್ನುವುದು ತಮಾಷೆಯ ಕಥೆ. 2023ರ ಜುಲೈನಿಂದ ಗೃಹಜ್ಯೋತಿ ಬಂತಲ್ಲ, ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿಯ ಮೇಲೆ ಶೇ. 10ರಷ್ಟು ಹೆಚ್ಚಿಗೆ ಸುಟ್ಟರೂ ಬಿಲ್ ಸೊನ್ನೆ. ಒಂಟಿ ಮುದುಕ ಎಷ್ಟು ಸುಟ್ಟಾರು? ಅಪ್ಪನ ಬಿಲ್ ಸೊನ್ನೆಯಾಯಿತು. ಸೊನ್ನೆ ಬಿಲ್ ಹಿಡಿದು ಅವರು ಕೌಂಟರಿಗೆ ಹೋಗಿ ಠಸ್ಸೆ ಹಾಕಿ ಕೊಡಿ ಎಂದರಂತೆ. ಇದನ್ನು ನನಗೆ ಹೇಳಿದವನು ಅಲ್ಲಿನ ಹುಡುಗನೇ.

"ಅಜ್ಜಾರ, ಸೊನ್ನಿಗೆ ನಾ ಏನ್ ರಸೀದಿ ಕೊಡ್ಲ್ರಿ ಅಂದ್ನಿರಿ. 'ಹಂಗಂದ್ರ ನಾ ತುಂಬೇನಿ ಅನ್ನೂದಕ್ಕ ಪುರಾವೆ ಏನೋ ತಮ್ಮಾ' ಅಂದ್ರು. ಅವತ್ತಿಂದ ಬಂದ ಇಲ್ಲರಿ ಅವರು."

ಕರೆಂಟಿಗೆ ಹೋಗುವುದು ನಿಂತಾಗ ಅದರ ಜೊತೆಗೇ ನಡೆಯುತ್ತಿದ್ದ ಉಳಿದವೂ ಜಾರಿದವು. ನೀರಿನ ಬಾಕಿ ಬೆಳೆದಿತ್ತು. ಮನೆ ಕರದ ಮೇಲೆ ದಂಡ ಬಿದ್ದಿತ್ತು. ಏಪ್ರಿಲಿನಲ್ಲೇ ತುಂಬಿದರೆ ಶೇ. 5 ರಿಯಾಯಿತಿ ಇದೆ, ಅದನ್ನು ಬಿಟ್ಟವರೇ ಅಲ್ಲ ಅಪ್ಪ. ಈಗ ರಿಯಾಯಿತಿಯ ಬದಲು ದಂಡ ಎಂದು ಕೇಳಿದಾಗ ಅವರ ಮುಖ ಸಣ್ಣದಾಯಿತು. ಕೂಡಲೇ ಪೆನ್ನು ತೆಗೆದು, ಗುಮಾಸ್ತೆಯ ಕಂಪ್ಯೂಟರ್ ಹೇಳುವ ಮೊದಲೇ ಮೊತ್ತವನ್ನು ಚೀಟಿಯ ಹಿಂದೆ ಬರೆದರು. ಸರಿಯಾಗಿತ್ತು. ನನಗೆ ಅರ್ಧ ಜೀವ ಬಂತು.

ಅದೇ ದಿನ ಬ್ಯಾಂಕಿನಲ್ಲಿ ಇನ್ನರ್ಧ ಬಂತು. ಪೆನ್ಶನ್ ಖಾತೆಗೆ ಕೈ ಹಚ್ಚದೆ ಬೇರೊಂದು ಉಳಿತಾಯ ಖಾತೆಗೆ ನನ್ನ ಹೆಸರೂ ಸೇರಿಸುವ ಮಾತಾಡುತ್ತಿದ್ದೆವು. ಇಬ್ಬರಲ್ಲಿ ಯಾರು ಬೇಕಾದರೂ ಸಹಿ ಮಾಡುವ ಖಾತೆ ಎಂದು ಮ್ಯಾನೇಜರ್ ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವಂತೆ ವಿವರಿಸಿದರು. ಅಪ್ಪ ಪೂರ್ತಿ ಕೇಳಿಸಿಕೊಂಡು, "ಅಂದರ ನಮ್ಮ ಪೋಸ್ಟಿನ ಜಾಯಿಂಟ್ 'ಬಿ'. 'ಎ' ಆದರ ಇಬ್ಬರ ಸಹಿ ಬೇಕು, 'ಬಿ' ಆದರ ಒಬ್ಬರದು ನಡೀತದ. 'ಬಿ' ಮಾಡ್ರಿ," ಎಂದರು. ಹೊರಗೆ ಬಂದಾಗ ಬೇಕೆಂದೇ ಕೇಳಿದೆ, ನಮ್ಮ ಡೊಂಬಿವಲಿ ಪೂರ್ವದ ಪಿನ್ ಎಷ್ಟು? "421201. ಯಾಕ, ಪರೀಕ್ಷಾ ಮಾಡ್ಲಿಕ್ಕತ್ತೀಯೇನು?" ಎಂದು ನಕ್ಕರು. 1972ರಲ್ಲಿ ಪಿನ್ ಕೋಡ್ ಬಂದಾಗ ಸಾರ್ಟಿಂಗಿನಲ್ಲಿ ಬಾಯಿಪಾಠ ಮಾಡಿದವರು. ಆದರೂ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರರಿಗೆ ತೋರಿಸಿದೆ. ಚಿಗರಿ ಬಸ್ಸಿನಲ್ಲಿ ಕಿಟಕಿ ಬದಿಗೆ ಕೂರಿಸಿ ಕರೆದುಕೊಂಡು ಹೋದೆ. ನೆನಪಿಗೇನೂ ಆಗಿಲ್ಲ, ಕಣ್ಣಿನ ಪೊರೆ ಬಲಿತಿದೆ ಎಂದರು. ಆ ಸಣ್ಣ ಚೀಟಿಯ ಸಣ್ಣ ಅಕ್ಷರ ಅವರಿಗೆ ಕಾಣುತ್ತಲೇ ಇರಲಿಲ್ಲ, ಕಾಣುವುದಿಲ್ಲವೆಂದು ಯಾರಿಗೂ ಹೇಳಿಯೂ ಇರಲಿಲ್ಲ.

ನಿಜವಾಗಿ ಎದೆ ಝಲ್ಲೆಂದದ್ದು ಆರೋಗ್ಯ ವಿಮೆಯ ಕಾಗದ ನೋಡಿದಾಗ. ಕಂತು ತುಂಬುವ ದಿನ ದಾಟಿ 26 ದಿನವಾಗಿತ್ತು. ನೆನಪೋಲೆಗಳು ತಮ್ಮ ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯ ಇಮೇಲಿಗೆ ಹೋಗುತ್ತಿದ್ದವು, ಆ ಇಮೇಲ್ ಈಗ ಇಲ್ಲ. ವರ್ಷಕ್ಕೊಮ್ಮೆ ತುಂಬುವ ಪಾಲಿಸಿಗೆ 30 ದಿನದ ಸವುಡು ಇರುತ್ತದೆ. ಆ ನಡುವೆ ಆಸ್ಪತ್ರೆ ಸೇರಿದರೆ ಖರ್ಚು ನಮ್ಮದೇ, ಆದರೆ ಅಷ್ಟರೊಳಗೆ ತುಂಬಿದರೆ ಹಳೆಯ ಸವಲತ್ತು ಕಡಿಯುವುದಿಲ್ಲ. ಇನ್ನು ನಾಲ್ಕು ದಿನ ತಡೆದಿದ್ದರೆ 81ರ ವಯಸ್ಸಿಗೆ ಹೊಸ ಪಾಲಿಸಿ ಹುಡುಕಬೇಕಿತ್ತು, ಬಿಪಿ ಸಕ್ಕರೆಗೆಲ್ಲ ಮತ್ತೆ ಮೊದಲಿನಿಂದ ವರ್ಷಗಟ್ಟಲೆ ಕಾಯಬೇಕಿತ್ತು. ಅಲ್ಲೇ ಮಂಚದ ಮೇಲೆ ಕೂತು ನನ್ನ ಮೊಬೈಲಿನಿಂದ ತುಂಬಿದೆ. ಹತ್ತು ನಿಮಿಷವೂ ಆಗಲಿಲ್ಲ. ಈ ಒಂದು ವಿಷಯದಲ್ಲಿ ತಮ್ಮನ ಮಾತೇ ಸರಿ.

ತುಂಬಿದೆ ಎಂದು ಅಪ್ಪನಿಗೆ ಹೇಳಿದಾಗ ಅವರು ಸಂತೋಷಪಡಲಿಲ್ಲ. ಎಷ್ಟಾಯಿತು ಎಂದು ಕೇಳಿ ಒಳಗೆ ಹೋಗಿ ಚೆಕ್ ಬರೆದು ತಂದರು. ಬೇಡವೆಂದೆ. ರಾತ್ರಿ ಊಟವಾದ ಮೇಲೆ ತಾವಾಗಿಯೇ ಮಾತು ತೆಗೆದರು.

ನೌಕರಿಯ ಶುರುವಿನಲ್ಲಿ ಅವರು ನವಲಗುಂದ ಕಡೆಯ ಒಂದು ಸಣ್ಣ ಪೋಸ್ಟ್ ಆಫೀಸಿನಲ್ಲಿದ್ದರು. ತಿಂಗಳ ಮೊದಲ ವಾರ ಮುಂಬಯಿಯಿಂದ ಮನಿಆರ್ಡರ್ ಬರುತ್ತಿದ್ದವು. ಗಿರಣಿಯಲ್ಲಿ, ಹೋಟೆಲಿನಲ್ಲಿ ದುಡಿಯುವ ಮಕ್ಕಳದು. ತಂದೆತಾಯಿಗಳು ಆಫೀಸಿನ ಕಟ್ಟೆಯ ಮೇಲೆ ಬೆಳಗಿನಿಂದ ಕೂತಿರುತ್ತಿದ್ದರು. ಇವರು ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಫಾರ್ಮಿನ ಮೇಲೆ ಒತ್ತಿಸಿಕೊಂಡು, ಹಣ ಎಣಿಸಿ ಕೊಟ್ಟು, ಫಾರ್ಮಿನ ಕೆಳತುದಿಯ ಕೂಪನ್ನಿನಲ್ಲಿ ಮಗ ಬರೆದ ಎರಡು ಸಾಲು ಓದಿ ಹೇಳುತ್ತಿದ್ದರು. 1982ರಲ್ಲಿ ಮುಂಬಯಿಯ ಗಿರಣಿ ಮುಷ್ಕರ ಶುರುವಾದ ಮೇಲೆ ಅಂಥ ಎಷ್ಟೋ ಊರುಗಳಲ್ಲಿ ಕಟ್ಟೆಯ ಮೇಲೆ ಕೂತವರು ಸಂಜೆಯ ತನಕ ಕೂತು ಬರಿಗೈಯಲ್ಲಿ ಎದ್ದು ಹೋಗುತ್ತಿದ್ದರು.

"ಅವರು ಬಡವರಂತ ನನಗೇನೂ ಅನಸ್ತಿದ್ದಿಲ್ಲ," ಎಂದರು ಅಪ್ಪ. "ಆದರ ರೊಕ್ಕಾ ಇಸಕೊಳ್ಳೂ ಮುಂದ ಅವರ ಮಾರಿ ಇರ್ತಿತ್ತಲಾ, ಅದು ಇನ್ನೂ ಕಣ್ಣ ಮುಂದ ಅದ. ನೀ ಕಳಸೂದು, ನಾ ಇಸಕೊಳ್ಳೂದು. ಜನ್ಮ ಪೂರಾ ಕೌಂಟರಿನ ಈ ಬಾಜೂ ಕೂತೀನಿ ನಾನು. ಆ ಬಾಜೂ ಕೂಡೂದು ನನಗ ಬರಂಗಿಲ್ಲವಾ."

ನಾನು ಚೆಕ್ ತೆಗೆದುಕೊಂಡೆ.

ಪೆನ್ಶನ್ನಿನ ಜೀವನ ಪ್ರಮಾಣ ಪತ್ರ ಉಳಿದಿತ್ತು. ಅಂಚೆಯವರೇ ಮನೆಗೆ ಬಂದು ಮಾಡಿಕೊಡುತ್ತಾರೆ, 70 ರೂಪಾಯಿ. 80 ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶ. ಅಪ್ಪ ಮಾತ್ರ ತಾನೇ ಹೋಗುತ್ತೇನೆಂದು ಹಟ ಹಿಡಿದು ಪ್ರಧಾನ ಅಂಚೆ ಕಚೇರಿಗೆ ಬಂದರು. ಕೌಂಟರಿನ ಹಿಂದೆ ಮೊಮ್ಮಗಳ ವಯಸ್ಸಿನ ಹುಡುಗಿ. "ಸರ್, ಹೆಬ್ಬಟ್ಟು ಇಡ್ರಿ," ಎಂದು ಯಂತ್ರ ಮುಂದೆ ಮಾಡಿದಳು. ಅಪ್ಪ ನನ್ನ ಕಡೆ ಒಮ್ಮೆ ನೋಡಿ ಇಟ್ಟರು. ಬರಲಿಲ್ಲ. ಒರೆಸಿ ಇಟ್ಟರು, ಬರಲಿಲ್ಲ. ಬೇರೆ ಬೆರಳೂ ಬರಲಿಲ್ಲ. ವರ್ಷಗಟ್ಟಲೆ ನೋಟು ಎಣಿಸಿ ಸವೆದವೋ, ವಯಸ್ಸಿಗೆ ಸವೆದವೋ. ಹುಡುಗಿ ಬೇಸರಪಡದೆ ಮೊಬೈಲ್ ಎತ್ತಿ, "ಇದಕ್ಕ ಮಾರಿ ತೋರಸ್ರಿ ಸರ್, ಕಣ್ಣ ಮಿಟಕಸ್ರಿ," ಎಂದಳು. ಒಂದು ಕ್ಷಣದಲ್ಲಿ ಆಯಿತು. "ಜೀವಂತ ಇದ್ದೀನಿ ಅಂತ ಹೇಳಲಿಕ್ಕೆ ಸರಕಾರಕ್ಕ ಕಣ್ಣ ಹೊಡೀಬೇಕಾತು ನೋಡು," ಎಂದು ಅಪ್ಪ ಹೇಳಿದಾಗ ಸಾಲಿನಲ್ಲಿದ್ದ ಪೆನ್ಶನರುಗಳೆಲ್ಲ ನಕ್ಕರು. ಇಬ್ಬರು ಹಳೆಯ ಸಹೋದ್ಯೋಗಿಗಳು ಸಿಕ್ಕರು. ಅಲ್ಲಿಂದ ಹೊರಡಲು ಒಂದೂವರೆ ತಾಸು ಬೇಕಾಯಿತು. ಗಿರಮಿಟ್ಟು, ಮಿರ್ಚಿ, ಎರಡೆರಡು ಚಹಾ.

ಊರು ಬಿಡುವ ಹೊತ್ತಿಗೆ ನಮ್ಮ ನಡುವೆ ಒಂದು ಕರಾರಾಯಿತು. ತಪ್ಪಿದರೆ ತಿರುಗಿ ಸರಿಪಡಿಸಲಾಗದ್ದು ವಿಮೆ ಒಂದೇ, ಅದು ಜಂಟಿ ಖಾತೆಯಿಂದ ತಾನಾಗಿಯೇ ಕಡಿತವಾಗಲಿ. ಅಲ್ಲಿರುವುದು ಅಪ್ಪನದೇ ದುಡ್ಡು, ನನ್ನದಲ್ಲ. ಫೋನಿನ ಬಿಲ್ಲೂ ಅದರಿಂದಲೇ. ನೀರು, ಮನೆ ಕರ, ಕರೆಂಟು ಅಪ್ಪನವು. ತಡವಾದರೆ ದಂಡ ಬೀಳುತ್ತದೆ, ಬೀಳಲಿ. ನಾನು ಡೊಂಬಿವಲಿಯಿಂದ ಪ್ರತಿ ತಿಂಗಳು ಎಲ್ಲದರ ಬಾಕಿ ನೋಡಿ ಒಂದು ಪೋಸ್ಟ್ ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕುವುದು: ಯಾವ ಬಿಲ್, ಎಷ್ಟು, ಎಂದಿನೊಳಗೆ. ಈಗಲೂ 50 ಪೈಸೆಗೇ ಸಿಗುತ್ತದೆ ಕಾರ್ಡು. ಅಪ್ಪ ತುಂಬಿ ಬಂದು ರಸೀದಿ ನಂಬರ್ ಬರೆದು ಉತ್ತರ ಹಾಕುವುದು. ಹತ್ತನೇ ತಾರೀಖಿನೊಳಗೆ ಉತ್ತರ ಬರದಿದ್ದರೆ ನಾನು ಕಾಕೂಗೆ ಫೋನ್ ಮಾಡುವುದು. ತಮ್ಮ ಇದನ್ನು ಕೇಳಿ ಐದು ನಿಮಿಷ ನಕ್ಕ, ಆಮೇಲೆ ಪೊರೆಯ ಆಪರೇಶನ್ನಿಗೆ ತಾನು ಬಂದು ನಿಲ್ಲುತ್ತೇನೆಂದ.

ಜನವರಿಯಲ್ಲಿ ಒಂದು ಕಣ್ಣಿನ ಆಪರೇಶನ್ ಆಯಿತು. ಫೆಬ್ರವರಿಯ ಕಾರ್ಡು ಧಾರವಾಡದಿಂದ ಡೊಂಬಿವಲಿಗೆ ಬರಲು ಎಂಟು ದಿನ ತೆಗೆದುಕೊಂಡಿತು. ಅದರ ಮೇಲೆ ಹೀಗಿತ್ತು: "ನೀರು ತುಂಬಿದೆ, ರಸೀದಿ ನಂಬರ್ ಕೆಳಗಿದೆ. ಕರೆಂಟು ಸೊನ್ನೆ, ಆದರೂ ಹೋಗಿ ಕೇಳಿಕೊಂಡು ಬಂದೆ. ಹುಡುಗ ಚಹಾ ಕುಡಿಸಿದ. ಮನೆ ಕರ ಏಪ್ರಿಲ್ ಒಂದಕ್ಕೇ ತುಂಬುವವನಿದ್ದೇನೆ, ಶೇ. 5 ಬಿಡಬಾರದು. ನಿಮ್ಮ ಸೊಸೈಟಿಯ ಮೇಂಟೆನನ್ಸ್ ತುಂಬಿದ್ದೀ ಹೌದಲ್ಲೋ? ನಂಬರ್ ಕಳಿಸು."